ಜಾಡಿಯಮ್ಮ ಬೆಳಕು ಅಳೆದದ್ದು

ಕಾಗದದ ಮೇಲೆ ಆಕೆಯ ಹುದ್ದೆ ‘ಪ್ರಯೋಗಾಲಯ ಸಹಾಯಕಿ’. ಇಪ್ಪತ್ತಾರು ವರ್ಷಗಳಲ್ಲಿ ಆ ಹೆಸರು ಹಿಡಿದು ಆಕೆಯನ್ನು ಕರೆದವರು ಯಾರೂ ಇಲ್ಲ. ವಿದ್ಯಾರ್ಥಿಗಳಿಗೆ, ಮೇಷ್ಟ್ರುಗಳಿಗೆ, ಗೇಟು ಕಾಯುವವನಿಗೂ ಆಕೆ ಜಾಡಿಯಮ್ಮ.

ಕಾಲೇಜಿನ ಪ್ರಾಣಿಶಾಸ್ತ್ರ ವಿಭಾಗದ ಹಿಂದಿನ ಕೋಣೆಯಲ್ಲಿ ಮೂರು ಗೋಡೆಗೂ ಮರದ ಕಪಾಟು, ಕಪಾಟಿನ ತುಂಬ ಗಾಜಿನ ಜಾಡಿ. ಒಟ್ಟು ಎಂಬತ್ತನಾಲ್ಕು. ಒಂದರಲ್ಲಿ ಸುರುಳಿ ಸುತ್ತಿದ ಹಾವು, ಒಂದರಲ್ಲಿ ರೆಕ್ಕೆ ಬಿಡಿಸಿ ಗಾಜಿನ ಪಟ್ಟಿಗೆ ಕಟ್ಟಿದ ಬಾವಲಿ, ಒಂದರಲ್ಲಿ ಕಿರುಬೆರಳುದ್ದದ ಕಡಲಕುದುರೆ, ಸಾಲಾಗಿ ಇಪ್ಪತ್ತೊಂದು ಪುಟ್ಟ ಜಾಡಿಗಳಲ್ಲಿ ಮೊಟ್ಟೆಯೊಳಗಿನ ಕೋಳಿಮರಿಯ ಇಪ್ಪತ್ತೊಂದು ದಿನ. ಪ್ರತಿಯೊಂದಕ್ಕೂ ಹಳೆಯ ಪ್ರೊಫೆಸರೊಬ್ಬರು ಕಪ್ಪು ಶಾಯಿಯಲ್ಲಿ ಬರೆದು ಅಂಟಿಸಿದ ಲೇಬಲ್. ಅವರು ತೀರಿಕೊಂಡದ್ದು ಜಾಡಿಯಮ್ಮ ಕೆಲಸಕ್ಕೆ ಸೇರುವ ಮೊದಲೇ. ಅವರ ಮುಖ ಆಕೆ ಕಂಡಿಲ್ಲ. ಅವರ ಅಕ್ಷರವನ್ನು ಮಾತ್ರ ತನ್ನ ಅಕ್ಷರಕ್ಕಿಂತ ಚೆನ್ನಾಗಿ ಬಲ್ಲಳು.

ಹತ್ತನೆಯ ತರಗತಿ ಮುಗಿಸಿ, ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆಂದು ಸೇರಿದವಳು ಆಕೆ. ತೊಳೆಯುತ್ತ ತೊಳೆಯುತ್ತ ಕಲಿತಳು. ವರ್ಷಕ್ಕೊಮ್ಮೆ ರಜೆಯಲ್ಲಿ ಒಂದೊಂದೇ ಜಾಡಿಯ ಮುಚ್ಚಳ ತೆಗೆದು, ಪ್ರಾಣಿ ಕೊಳೆಯದಂತೆ ಕಾಯುವ ಫಾರ್ಮಲಿನ್ ದ್ರವವನ್ನು ಇಂಗಿಹೋದಷ್ಟು ತುಂಬಿ, ಅಂಚಿಗೆ ವ್ಯಾಸಲೀನ್ ಸವರಿ, ಮತ್ತೆ ಬಿಗಿಯಾಗಿ ಮುಚ್ಚುವುದು. ಬೆನ್ನೆಲುಬಿರುವ ಪ್ರಾಣಿಗೆ ಒಂದು ಪಾಲು ಫಾರ್ಮಲಿನ್‌ಗೆ ಒಂಬತ್ತು ಪಾಲು ನೀರು, ಮೆತ್ತನೆಯದಕ್ಕೆ ಒಂದಕ್ಕೆ ಹತ್ತೊಂಬತ್ತು. ಈ ಲೆಕ್ಕ ಆಕೆಯ ನಾಲಿಗೆಯ ತುದಿಯಲ್ಲೇ ಇತ್ತು. ಸೂಕ್ಷ್ಮದರ್ಶಕದಲ್ಲಿ ಏನೂ ಕಾಣುತ್ತಿಲ್ಲವೆಂದು ಹೊಸ ವಿದ್ಯಾರ್ಥಿಗಳು ಮುಖ ಸಪ್ಪಗೆ ಮಾಡಿ ಕೂತಾಗ, ಆಕೆ ಹೋಗಿ ಅದರ ತಟ್ಟೆಯ ಕೆಳಗಿನ ಸಣ್ಣ ಹಿಡಿಕೆಯನ್ನು ಕೂದಲೆಳೆಯಷ್ಟು ಸರಿಸುವಳು. ಬೆಳಕಿನ ಕಿಂಡಿ ಕಿರಿದಾಗುತ್ತದೆ. ಹಾಲಿನಂತೆ ಕಲಸಿಕೊಂಡಿದ್ದ ನೋಟದಲ್ಲಿ ಗೆರೆ ಮೂಡುತ್ತದೆ. “ಈಗ ನೋಡಿ,” ಎಂದಷ್ಟೇ ಹೇಳಿ ಹೊರಟುಬಿಡುವಳು.

ಈ ಕೋಣೆಯನ್ನು ಕಂಪ್ಯೂಟರ್ ಕೋಣೆ ಮಾಡುವುದೆಂದು ತೀರ್ಮಾನವಾಯಿತು. ವಿಭಾಗದ ಮುಖ್ಯಸ್ಥೆ ಆಕೆಗಿಂತ ಹತ್ತು ವರ್ಷ ಚಿಕ್ಕವರು, ಸುತ್ತಿ ಬಳಸಿ ಮಾತಾಡುವವರಲ್ಲ.

“ಜಾಡಿಯಮ್ಮ, ಕೂತ್ಕೊಳ್ಳಿ. ತಿಂಗಳ ಕೊನೆಗೆ ರಾಸಾಯನಿಕ ಕಸದ ಗಾಡಿ ಬರುತ್ತೆ. ಅಷ್ಟೂ ಜಾಡಿ ಅದರಲ್ಲಿ ಹೋಗುತ್ತೆ.”

ಜಾಡಿಯಮ್ಮ ಕೂರಲಿಲ್ಲ. “ಕಸ ಅಂದ್ರೆ ಏನ್ಮಾಡ್ತಾರೆ ಮೇಡಂ?”

“ಸುಡ್ತಾರೆ.” ಮುಖ್ಯಸ್ಥೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ನನಗೇನು ಖುಷಿನಾ? ಹತ್ತು ಕಡೆ ಬರೆದೆ. ಒಂದು ಮ್ಯೂಸಿಯಂನವರು ಮಾತ್ರ ಉತ್ತರ ಕೊಟ್ಟಿದ್ದಾರೆ. ನೋಡದೆ ತಗೊಳ್ಳಲ್ಲ, ಬಂದು ನೋಡೋಕೂ ಅವರಿಗೆ ಜನ ಇಲ್ಲ. ಒಂದೊಂದು ಜಾಡಿಗೆ ಒಂದೊಂದು ಫೋಟೋ ಕಳಿಸಿ ಅಂತಾರೆ. ಪ್ರಾಣಿ ಮುಂದಿಂದ ಹಿಂದಿನವರೆಗೂ ಸ್ಪಷ್ಟ ಕಾಣ್ಬೇಕು. ಲೇಬಲ್ ಓದೋಕಾಗ್ಬೇಕು. ದ್ರವ ತಿಳಿಯಾಗಿದೆಯೋ ಇಲ್ವೋ ಗೊತ್ತಾಗ್ಬೇಕು. ನಾನು ಫೋನಲ್ಲಿ ತೆಗೆದು ಕಳಿಸಿದ್ದನ್ನ ವಾಪಸ್ ಕಳಿಸಿದ್ರು. ದೊಡ್ಡದು ಮಾಡಿದ್ರೆ ಚಿತ್ರ ಒಡೆದುಹೋಗುತ್ತಂತೆ.”

“ಎಷ್ಟು ದಿನ ಇದೆ?”

“ಇಪ್ಪತ್ತೊಂದು.”

ಜಾಡಿಯಮ್ಮನಿಗೊಬ್ಬ ತಮ್ಮ. ಮುಖ್ಯ ರಸ್ತೆಯಲ್ಲಿ ಸ್ಟುಡಿಯೋ ಇಟ್ಟುಕೊಂಡು ಮದುವೆಗಳ ಫೋಟೋ ತೆಗೆಯುವವನು. ಅಕ್ಕನ ಮಾತಿಗೆ ಕಟ್ಟುಬಿದ್ದು ಒಂದು ಬೆಳಿಗ್ಗೆ ಬಂದ. ಮೊದಲ ಜಾಡಿಯ ಹತ್ತಿರ ಹೋದವನೇ ಕಣ್ಣುಮೂಗಿನಲ್ಲೆಲ್ಲ ನೀರು ಸುರಿಸಿಕೊಂಡು ವರಾಂಡಕ್ಕೆ ಓಡಿದ.

“ಅಕ್ಕಾ, ಈ ಗಾಳಿ ಕುಡ್ಕೊಂಡು ಇಪ್ಪತ್ತಾರು ವರ್ಷ ಹೇಗೆ ಬದುಕಿದೀಯ ನೀನು? ನಿನ್ನನ್ನೂ ಒಳಗೊಳಗೇ ಉಪ್ಪಿನಕಾಯಿ ಹಾಕಿಬಿಟ್ಟಿರ್ಬೇಕು.”

“ಅದಕ್ಕೇ ಕೆಡದೆ ಇದೀನಿ. ನೀನು ನೋಡು, ನಲವತ್ತಕ್ಕೇ ತಲೆ ಬೋಳಾಯ್ತು.”

ಅವನು ಮತ್ತೆ ಒಳಗೆ ಬರಲಿಲ್ಲ. ಬದಲಿಗೆ ತನ್ನ ಹಳೆಯ ಡಿಎಸ್‌ಎಲ್‌ಆರ್ ಕ್ಯಾಮೆರಾವನ್ನು ಅಕ್ಕನ ಕೈಗಿಟ್ಟ. ಹೊಸದು ಕೊಂಡ ಮೇಲೆ ಅದು ಕಪಾಟಿನಲ್ಲಿ ಸುಮ್ಮನೆ ಬಿದ್ದಿತ್ತಂತೆ. ಕ್ಯಾಮೆರಾಕ್ಕೆ ಐವತ್ತು ಮಿಲಿಮೀಟರಿನ ಒಂದು ಮೋಟು ಲೆನ್ಸ್ ಇತ್ತು.

“ಈ ಗುಂಡಿಯನ್ನ ಹಸಿರು ಗುರುತಿಗಿಡು, ಒತ್ತು, ಅಷ್ಟೇ. ಅದೇ ಎಲ್ಲಾ ನೋಡ್ಕೊಳ್ಳುತ್ತೆ.”

ಅದು ಎಲ್ಲವನ್ನೂ ನೋಡಿಕೊಂಡದ್ದು ಹೀಗೆ: ಕೋಣೆಯಲ್ಲಿ ಬೆಳಕು ಸಾಲದೆಂದು ತಾನೇ ಫ್ಲ್ಯಾಶ್ ಹೊಡೆಯಿತು. ಹಾವಿನ ಜಾಡಿಯ ನಟ್ಟನಡುವೆ ಬಿಳಿಯ ಸುಡುಬೊಟ್ಟು ಬಂತು. ಅದರ ಪಕ್ಕದಲ್ಲಿ, ಗಾಜಿನೊಳಗೆ, ಬಿಳಿ ಕೋಟು ತೊಟ್ಟು ಬಗ್ಗಿ ನಿಂತ ಜಾಡಿಯಮ್ಮನೇ ಇದ್ದಳು. ಸಂಜೆ ಸ್ಟುಡಿಯೋದಲ್ಲಿ ಅದನ್ನು ನೋಡಿದ ತಮ್ಮ ನಕ್ಕು ನಕ್ಕು ಸುಸ್ತಾದ.

“ಚೆನ್ನಾಗಿದೆ. ಮ್ಯೂಸಿಯಂನವರು ನಿನ್ನನ್ನೂ ಸೇರಿಸಿ ತಗೊಳ್ತಾರೆ.”

“ಹಲ್ಲು ಕಿರಿದಿದ್ದು ಸಾಕು, ಏನ್ಮಾಡ್ಬೇಕು ಹೇಳು.”

“ಫ್ಲ್ಯಾಶ್ ಬೇಡ. ಜಾಡಿ ಹಿಂದೆ ಕಪ್ಪು ಬಟ್ಟೆ ಕಟ್ಟು, ನೀನೂ ಕಪ್ಪು ಹೊದ್ಕೋ. ಕಿಟಕಿ ಬೆಳಕು ಪಕ್ಕದಿಂದ ಬರ್ಲಿ. ಗುಂಡಿಯನ್ನ ‘ಎ’ ಅಕ್ಷರಕ್ಕಿಡು. ಆಗ ಅಪರ್ಚರ್ ನಿನ್ನ ಕೈಯಲ್ಲಿರುತ್ತೆ. ಅಪರ್ಚರ್ ಅಂದ್ರೆ ಲೆನ್ಸಿನೊಳಗಿನ ತೂತು. ಸಣ್ಣ ನಂಬರಿಗೆ ದೊಡ್ಡ ತೂತು, ದೊಡ್ಡ ನಂಬರಿಗೆ ಸಣ್ಣ ತೂತು.”

“ಯಾಕೆ ಹಾಗೆ ತಿರುಗುಮುರುಗು?”

“ಯಾಕೆ ಅಂದ್ರೆ? ಹಾಗೇ ಅದು. ಹದಿನೆಂಟು ವರ್ಷ ಆಯ್ತು, ನಾನೇ ಕೇಳಿಲ್ಲ. ನೀನು ಒಂದ್ ದಿನಕ್ಕೇ ವಕೀಲಿಕೆ ಶುರು ಮಾಡಿದೆ.”

ಮರುದಿನ ಆಕೆ ಅತಿ ಸಣ್ಣ ನಂಬರಿಟ್ಟು, ಎಂದರೆ 1.8ಕ್ಕೆ, ಹಾವಿನ ಫೋಟೋ ತೆಗೆದಳು. ಬೆಳಕೇನೋ ಧಾರಾಳ. ಹಾವಿನ ಕಣ್ಣಿನ ಸುತ್ತಲ ಹುರುಪೆ ಎಣಿಸುವಷ್ಟು ಸ್ಪಷ್ಟ. ಆದರೆ ಅದರಿಂದ ಎರಡು ಬೆರಳು ಹಿಂದಿದ್ದ ಮೈಯೆಲ್ಲ ಕರಗಿದ ಮೇಣ, ಎರಡು ಬೆರಳು ಮುಂದಿದ್ದ ಲೇಬಲ್ ಒರೆಸಿದ ಹಲಗೆ. ಮದುವೆಯ ಹೆಣ್ಣಿನ ಮುಖಕ್ಕೆ ಇದು ಒಪ್ಪುತ್ತದೆ, ಹಿಂದಿರುವ ನೆಂಟರು ಮಸುಕಾದರೆ ಯಾರಿಗೂ ನಷ್ಟವಿಲ್ಲ. ಇಲ್ಲಿ ಹಿಂದಿನ ಸುರುಳಿಯೂ ಬೇಕು, ಮುಂದಿನ ಲೇಬಲ್ಲೂ ಬೇಕು.

ಹಾಗೆ ಕ್ಯಾಮೆರಾ ಹಿಡಿದು ಯೋಚಿಸುತ್ತಿದ್ದಾಗ ಪುಟ್ಟ ಪರದೆಯಲ್ಲಿ ಆಕೆ ಒಂದನ್ನು ಗಮನಿಸಿದಳು. ನಂಬರಿಗೆ ಮೊದಲು ‘ಎಫ್’ ಎಂಬ ಅಕ್ಷರ, ಅದರ ಮಗ್ಗುಲಿಗೆ ಒಂದು ಓರೆ ಗೆರೆ. ಭಾಗಾಕಾರದ ಗೆರೆ. ಅಂದರೆ ಈ ನಂಬರು ಗೆರೆಯ ಮೇಲಿನದಲ್ಲ, ಕೆಳಗಿನದು. ಒಂದಕ್ಕೆ ಒಂಬತ್ತು, ಒಂದಕ್ಕೆ ಹತ್ತೊಂಬತ್ತು: ಎರಡನೆಯ ಅಂಕಿ ದೊಡ್ಡದಾದಷ್ಟೂ ದ್ರಾವಣ ತೆಳ್ಳಗೆ. ಇಷ್ಟು ವರ್ಷ ಕೈಯಾರೆ ಕಲಸಿದ್ದೇ ಇದು. ಆಕೆ ಮುಖ್ಯಸ್ಥೆಯ ಬಳಿ ಹೋಗಿ ಕೇಳಿದಳು. ಅವರೂ ಪುಸ್ತಕ ತಿರುವಿ ನೋಡಿ ಹೇಳಿದರು: ‘ಎಫ್’ ಎಂದರೆ ಲೆನ್ಸಿನ ಸಂಗಮದೂರ, ಇಲ್ಲಿ ಐವತ್ತು ಮಿಲಿಮೀಟರ್. ಐವತ್ತನ್ನು ನಂಬರಿನಿಂದ ಭಾಗಿಸಿದರೆ ಬರುವುದು ತೂತಿನ ಅಗಲ. 1.8ಕ್ಕೆ ಸುಮಾರು ಇಪ್ಪತ್ತೆಂಟು ಮಿಲಿಮೀಟರ್. ಹನ್ನೊಂದಕ್ಕೆ ನಾಲ್ಕೂವರೆ.

“ಅಂದ್ರೆ ಸೂಕ್ಷ್ಮದರ್ಶಕದ ಹಿಡಿಕೆನೇ ಇದು,” ಎಂದಳು ಜಾಡಿಯಮ್ಮ. “ಕಿಂಡಿ ಕಿರಿದು ಮಾಡಿದ್ರೆ ಮುಂದು ಹಿಂದು ಎರಡೂ ತಿಳಿಯಾಗುತ್ತೆ. ಬೆಳಕು ಕಮ್ಮಿಯಾಗುತ್ತೆ.”

“ನೋಡಿ, ನಾನು ಪುಟ ಹುಡುಕೋದ್ರೊಳಗೆ ನೀವು ಪಾಠ ಮುಗಿಸಿಬಿಟ್ರಿ,” ಎಂದರು ಮುಖ್ಯಸ್ಥೆ.

ಹನ್ನೊಂದಕ್ಕಿಟ್ಟಾಗ ಹಾವು ಮೂಗಿನಿಂದ ಬಾಲದವರೆಗೂ ಗೆರೆ ಕೊರೆದಂತೆ ಬಂತು, ಆದರೆ ಬೆಳಕು ಸಾಲದೆ ಕ್ಯಾಮೆರಾ ತನ್ನ ಬಾಗಿಲನ್ನು, ಎಂದರೆ ಶಟರನ್ನು, ಹೆಚ್ಚು ಹೊತ್ತು ತೆರೆದಿಟ್ಟದ್ದರಿಂದ ಕೈಯಲ್ಲಿ ಹಿಡಿದ ಫೋಟೋ ಅಲುಗಿತ್ತು. ತಮ್ಮನಿಗೆ ಫೋನು ಹೋಯಿತು. ಅವನ ಹಿಂದೆ ಯಾವುದೋ ಮದುವೆಯ ಗದ್ದಲ.

“ಬೆಳಕು ಸಾಲ್ದಿದ್ರೆ ಐಎಸ್‌ಒ ಅನ್ನೋ ನಂಬರ್ ಏರಿಸು ಅಕ್ಕಾ. ನೂರರಲ್ಲಿದೆ ಅಲ್ವಾ, ಏರಿಸ್ತಾ ಹೋಗು. ಇಡ್ತೀನಿ, ಗಂಡಿನ ಸೋದರಮಾವ ಮುನಿಸ್ಕೊಂಡಿದಾನೆ, ಅವನನ್ನ ಬಿಟ್ಟು ಗ್ರೂಪ್ ಫೋಟೋ ತೆಗೆದುಬಿಟ್ಟೆ.”

ಆಕೆ ಏರಿಸಿದಳು, ಅದು ನಿಲ್ಲುವವರೆಗೆ: 6400. ಫೋಟೋ ಅಲುಗಲಿಲ್ಲ, ಲೇಬಲ್ ಓದಲು ಬಂತು. ಒಂಬತ್ತು ಜಾಡಿ ಮುಗಿಸಿ ವಿಭಾಗದ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ನೋಡಿದಳು. ಜಾಡಿಯ ತುಂಬ ಕಣ. ರವೆ ಚೆಲ್ಲಿದ ಹಾಗೆ, ಹಾವಿನ ಮೈಮೇಲೆ, ಬಾವಲಿಯ ರೆಕ್ಕೆಯ ಮೇಲೆ, ಎಲ್ಲೆಲ್ಲೂ.

ಬೇರೆ ಯಾರೇ ಆಗಿದ್ದರೂ ಕ್ಯಾಮೆರಾವನ್ನು ಅನುಮಾನಿಸುತ್ತಿದ್ದರು. ಜಾಡಿಯಮ್ಮ ಅನುಮಾನಿಸಿದ್ದು ತನ್ನನ್ನು. ಜಾಡಿಯಲ್ಲಿ ಕಣ ಕಂಡರೆ ಆಕೆಯ ಕಸುಬಿನಲ್ಲಿ ಅದಕ್ಕೆ ಒಂದೇ ಅರ್ಥ: ದ್ರವ ಕೆಟ್ಟಿದೆ, ಮಡ್ಡಿ ಕಟ್ಟುತ್ತಿದೆ. ಬರಿಗಣ್ಣಿಗೆ ಕಾಣದ್ದನ್ನು ಕ್ಯಾಮೆರಾ ಕಂಡುಹಿಡಿದುಬಿಟ್ಟಿತು ಎಂದುಕೊಂಡಳು. ವಯಸ್ಸಾಯಿತು, ಕಣ್ಣು ಮಂಜಾಯಿತು, ಇಷ್ಟು ದಿನ ಕೊಳೆ ನೀರಿನಲ್ಲಿ ಇಟ್ಟಿದ್ದೆನಲ್ಲ ಎಂದು ಮನಸ್ಸು ಹಿಂಡಿತು. ಯಾರಿಗೂ ಹೇಳಲಿಲ್ಲ. ಎಲ್ಲ ಕಿಟಕಿ ತೆರೆದು, ಕೈಗವಸು ಹಾಕಿ, ಒಂಬತ್ತೂ ಜಾಡಿಗಳ ದ್ರವ ಬಸಿದಳು. ಪ್ರಾಣಿಗಳನ್ನು ಒಂದೊಂದಾಗಿ ತೊಳೆದು, ಹೊಸ ದ್ರಾವಣವನ್ನು ಎರಡೆರಡು ಬಾರಿ ಶೋಧಿಸಿ ತುಂಬಿದಳು. ನಾಲ್ಕು ದಿನ ಹಿಡಿಯಿತು. ರಾತ್ರಿ ಊಟಕ್ಕೆ ಕೂತಾಗ ಬೆರಳು ಮಡಚಲು ಬರುತ್ತಿರಲಿಲ್ಲ.

“ಆ ಸತ್ತ ಹಾವಿಗೆ ಮಾಡೋ ಆರೈಕೆಯಲ್ಲಿ ಅರ್ಧ ನನಗೆ ಮಾಡಿದ್ರೆ ನೂರು ವರ್ಷ ಬದುಕ್ತಿದ್ದೆ,” ಎಂದರು ಅತ್ತೆ. ಅವರಿಗೆ ಆಗ ಎಂಬತ್ತೊಂದು. ಎರಡೂ ಕಿವಿ ಮಂದ, ಬಾಯಿ ಮಾತ್ರ ಚುರುಕು.

“ಇನ್ನು ಹತ್ತೊಂಬತ್ತೇ ವರ್ಷ ಅತ್ತೆ, ನೋಡ್ಕೊಂಡ್ರಾಯ್ತು.”

ಐದನೆಯ ದಿನ ಆ ಒಂಬತ್ತನ್ನೂ ಮತ್ತೆ ಫೋಟೋ ತೆಗೆದಳು. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದಳು. ಕಣ ಹಾಗೆಯೇ ಇದ್ದವು, ಒಂದೂ ಕಡಿಮೆಯಾಗಿರಲಿಲ್ಲ.

ದ್ರಾವಣ ತಪ್ಪಾಗಿರಲು ಸಾಧ್ಯವಿರಲಿಲ್ಲ, ಅಳೆದದ್ದು ತಾನೇ. ಹಾಗಾದರೆ? ಚಿತ್ರವನ್ನು ಅಂಚಿಗೆ ಸರಿಸಿದಳು. ಜಾಡಿಯ ಆಚೆ, ಹಿಂದೆ ಕಟ್ಟಿದ್ದ ಕಪ್ಪು ಬಟ್ಟೆ. ಅಲ್ಲೂ ಕಣ, ಒಳಗಿದ್ದಷ್ಟೇ ದಟ್ಟವಾಗಿ. ಬಟ್ಟೆಯಲ್ಲಿ ಫಾರ್ಮಲಿನ್ ಇಲ್ಲವಲ್ಲ.

ಎದ್ದು ಹೋಗಿ ಒಂದು ಖಾಲಿ ಜಾಡಿಗೆ ಬಟ್ಟಿ ಇಳಿಸಿದ ನೀರು ತುಂಬಿ ತಂದು ಅದರ ಫೋಟೋ ತೆಗೆದಳು. ಅದರಲ್ಲೂ ಕಣ. ಆಗ ಆಕೆಗೆ ನಗು ಬಂತೋ ಅಳು ಬಂತೋ ಹೇಳುವುದು ಕಷ್ಟ. ನಾಲ್ಕು ದಿನ ತಾನು ತೊಳೆದದ್ದು ಜಾಡಿಯಲ್ಲಿ ಇಲ್ಲದ ಕೊಳೆಯನ್ನು.

ಕಣ ಎಲ್ಲಿಂದ ಬಂತೆಂಬುದು ತಿಳಿದದ್ದು ಆ ಭಾನುವಾರ, ಮನೆಯಲ್ಲಿ. ಅತ್ತೆಯ ಕಿವಿಯ ಯಂತ್ರದ ತುಂಬ ‘ಸೊಂಯ್’ ಎಂಬ ಸದ್ದಂತೆ, ಆಕೆ ತೆಗೆದು ನೋಡಿದರೆ ಚಕ್ರವನ್ನು ತುದಿಯವರೆಗೆ ತಿರುಗಿಸಿದ್ದರು.

“ಯಾಕತ್ತೆ ಇಷ್ಟು ಏರಿಸಿದ್ರಿ?”

“ನೀವೆಲ್ಲ ಪಿಸಪಿಸ ಅಂತ ಮಾತಾಡಿದ್ರೆ ಇನ್ನೇನು ಮಾಡ್ಲಿ? ಏರಿಸಿದ್ರೆ ನಿಮ್ಮ ಮಾತಿಗಿಂತ ಫ್ಯಾನಿನ ಗಲಾಟೆನೇ ಜಾಸ್ತಿ ಕೇಳುತ್ತೆ.”

“ಮಾತು ಮೆತ್ತಗಿದ್ರೆ ಯಂತ್ರ ಏನ್ಮಾಡುತ್ತೆ? ಇದ್ದದ್ದನ್ನೆಲ್ಲ ಜೋರು ಮಾಡುತ್ತೆ, ಅದರ ಜೊತೆ ಸದ್ದನ್ನೂ...” ಎನ್ನುತ್ತಿದ್ದ ಜಾಡಿಯಮ್ಮ ಅಲ್ಲೇ ನಿಂತಳು.

“ಏನಮ್ಮ, ಅರ್ಧಕ್ಕೇ ನಿಲ್ಲಿಸ್ಬಿಟ್ಟೆ. ನನಗೆ ಕೇಳಿಸ್ತಿಲ್ವೋ, ನೀನೇ ಹೇಳ್ತಿಲ್ವೋ?”

“ನಾನೇ ಹೇಳ್ತಿಲ್ಲ ಅತ್ತೆ.”

ಅಪರ್ಚರ್ ದೊಡ್ಡದು ಮಾಡಿದರೆ ನಿಜವಾಗಿಯೂ ಹೆಚ್ಚು ಬೆಳಕು ಒಳಗೆ ಬರುತ್ತದೆ. ಐಎಸ್‌ಒ ಏರಿಸಿದರೆ ಒಂದು ಹನಿ ಬೆಳಕೂ ಹೆಚ್ಚು ಬರುವುದಿಲ್ಲ. ಬಂದಷ್ಟನ್ನೇ ಕ್ಯಾಮೆರಾ ಜೋರು ಮಾಡಿ ತೋರಿಸುತ್ತದೆ. ಬಂದದ್ದು ಚೂರೇ ಆದರೆ ಅದರ ಜೊತೆಗಿನ ಗಲಾಟೆಯೂ ಜೋರಾಗುತ್ತದೆ. ಆ ಗಲಾಟೆಯೇ ಕಣ.

ಸೋಮವಾರ ಆಕೆ ಒಂದು ಹಾಳೆಗೆ ಗೆರೆ ಎಳೆದು ಕೋಷ್ಟಕ ಮಾಡಿದಳು. ಒಂದೇ ಜಾಡಿ, ಒಂದೇ ಕಿಟಕಿ, ಅಪರ್ಚರ್ ಹನ್ನೊಂದು. ಬದಲಿಸುವುದು ಐಎಸ್‌ಒ ಒಂದನ್ನೇ. ಮೂರು ಕಾಲಿನ ಸ್ಟ್ಯಾಂಡ್ ಇರಲಿಲ್ಲ. ಕಪ್ಪೆ ಸೀಳಲು ಬಳಸುವ ಮೇಣದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿದಳು. ಹದಿನಾಲ್ಕು ತಟ್ಟೆಗೆ ಕ್ಯಾಮೆರಾದ ಕಣ್ಣು ಜಾಡಿಯ ನಡುವಿಗೆ ಸರಿಯಾಗಿ ನಿಂತಿತು. 6400ಕ್ಕೆ ಕ್ಯಾಮೆರಾ ಸೆಕೆಂಡಿನ ಮೂವತ್ತರಲ್ಲೊಂದು ಪಾಲು ಹೊತ್ತು ಬಾಗಿಲು ತೆರೆದಿತ್ತು. 3200ಕ್ಕೆ ಹದಿನೈದರಲ್ಲೊಂದು. 1600ಕ್ಕೆ ಎಂಟರಲ್ಲೊಂದು. ಹೀಗೆ ಇಳಿಯುತ್ತ ಇಳಿಯುತ್ತ ನೂರಕ್ಕೆ ಬಂದಾಗ ಪೂರ್ತಿ ಎರಡು ಸೆಕೆಂಡು. ಎಡಗಡೆಯ ಅಂಕಿ ಅರ್ಧವಾದಾಗಲೆಲ್ಲ ಬಲಗಡೆಯದು ಇಮ್ಮಡಿ. ಏಳು ಫೋಟೋಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದಳು. ಕೊನೆಯದರಲ್ಲಿ ಕಪ್ಪು ಬಟ್ಟೆ ನಿಜವಾಗಿಯೂ ಕಪ್ಪಾಗಿತ್ತು, ದ್ರವ ಗಾಜಿನಷ್ಟು ತಿಳಿಯಾಗಿತ್ತು.

ಅಂದೇ ಸಂಜೆ ಸ್ಟುಡಿಯೋಗೆ ಹೋಗಿ ತಮ್ಮನ ಮುಂದೆ ಕೋಷ್ಟಕ ಹರಡಿದಳು. ಅವನು ತಲೆ ಕೆರೆದುಕೊಂಡ.

“ಎರಡು ಸೆಕೆಂಡಾ? ನನ್ನ ಮದುಮಕ್ಕಳು ಎರಡು ಸೆಕೆಂಡು ಅಲುಗಾಡದೆ ನಿಂತ ದಿನ ನಾನು ಅಂಗಡಿ ಮುಚ್ಚಿ ತೀರ್ಥಯಾತ್ರೆಗೆ ಹೋಗ್ತೀನಿ.”

“ನನ್ನವು ನಲವತ್ತು ವರ್ಷದಿಂದ ಅಲುಗಾಡಿಲ್ಲ ಕಣೋ.”

ತಮ್ಮ ಕೋಷ್ಟಕದ ಕೊನೆಯ ಸಾಲಿನ ಮೇಲೆ ಬೆರಳಿಟ್ಟ. “ಅದು ಸರಿ. ನಾನು ಓಡೋ ಜನರ ಲೆಕ್ಕದಲ್ಲಿ ಹೇಳ್ಕೊಟ್ಟೆ. ಎರಡು ಸೆಕೆಂಡಿನ ಟೈಮರ್ ಹಾಕ್ಕೋ ಅಕ್ಕಾ, ಒತ್ತುವಾಗ ಕೈ ತಗುಲಿ ಅದುರಲ್ಲ.” ಮತ್ತೆ ಹಾಳೆ ಎತ್ತಿಕೊಂಡ. “ಇದರದ್ದೊಂದು ಜೆರಾಕ್ಸ್ ಕೊಟ್ಟು ಹೋಗು.”

ಉಳಿದದ್ದು ಹನ್ನೊಂದು ದಿನ, ತೆಗೆಯಬೇಕಾದದ್ದು ಎಂಬತ್ತನಾಲ್ಕೂ. ಕಿಟಕಿಯ ಬೆಳಕು ಸಮನಾಗಿರುವುದು ಬೆಳಿಗ್ಗೆ ಹತ್ತರಿಂದ ಹನ್ನೆರಡೂವರೆ. ದಿನಕ್ಕೆ ಎಂಟು ಜಾಡಿಯಾದರೂ ಆಗದಿದ್ದರೆ ಕೆಲಸ ಮುಗಿಯದು. ಎರಡು ಸೆಕೆಂಡು ಬಾಗಿಲು ತೆರೆದಿಟ್ಟಾಗ ಹೊಸ ತೊಡಕೊಂದು ಬಂತು: ಜಾಡಿಯನ್ನು ಕಪಾಟಿನಿಂದ ತಂದಿಟ್ಟ ಮೇಲೆ ಒಳಗಿನ ಪ್ರಾಣಿ ನಿಧಾನವಾಗಿ ತೂಗಾಡುತ್ತಿರುತ್ತದೆ. ಕಡಲಕುದುರೆಗಂತೂ ಆರು ನಿಮಿಷ ಬೇಕಾಯಿತು. ಆಕೆ ಸಮಯ ಗುರುತು ಹಾಕಿಕೊಂಡು, ಒಂದು ಜಾಡಿ ನೆಲೆಗೊಳ್ಳುವಷ್ಟರಲ್ಲಿ ಮುಂದಿನ ಮೂರನ್ನು ಮೇಜಿನ ಮೇಲೆ ಸಾಲಾಗಿ ತಂದಿಡತೊಡಗಿದಳು. ವರಾಂಡದಲ್ಲಿ ವಿದ್ಯಾರ್ಥಿಗಳು ದಡಬಡ ನಡೆದರೆ ಮೇಜು ಅದುರುತ್ತಿತ್ತು. ಮುಖ್ಯಸ್ಥೆ ತಾವೇ ಒಂದು ಕುರ್ಚಿ ಹಾಕಿಕೊಂಡು ಬಾಗಿಲ ಹೊರಗೆ ಉತ್ತರ ಪತ್ರಿಕೆ ತಿದ್ದುತ್ತ ಕೂತರು. ಅವರನ್ನು ಕಂಡವರೆಲ್ಲ ಬೆಕ್ಕಿನ ಹೆಜ್ಜೆ ಹಾಕಿದರು.

ಹತ್ತನೆಯ ದಿನ ಮಧ್ಯಾಹ್ನ ಎಂಬತ್ತನಾಲ್ಕನೆಯದು ಮುಗಿಯಿತು. ಪ್ರತಿ ಚಿತ್ರದ ಕೆಳಗೆ ಜಾಡಿಯ ಸಂಖ್ಯೆ, ದ್ರಾವಣದ ಪ್ರಮಾಣ, ಅಪರ್ಚರ್, ಐಎಸ್‌ಒ, ಸೆಕೆಂಡು. ಮುಖ್ಯಸ್ಥೆ ಅಂದೇ ಕಳಿಸಿದರು. ಕಸದ ಗಾಡಿಗೆ ಉಳಿದದ್ದು ಒಂದು ದಿನ.

ಉತ್ತರ ಬಂದದ್ದು ಆ ಒಂದು ದಿನದ ಸಂಜೆ ನಾಲ್ಕಕ್ಕೆ. ಮುಖ್ಯಸ್ಥೆ ಜಾಡಿಯಮ್ಮನನ್ನು ಕರೆದು, ಪರದೆಯನ್ನು ಆಕೆಯ ಕಡೆ ತಿರುಗಿಸಿ, ತಾವೇ ಓದಿದರು. ಎಪ್ಪತ್ಮೂರು ಜಾಡಿಗಳನ್ನು ಮ್ಯೂಸಿಯಂ ಈ ಚಿತ್ರಗಳ ಆಧಾರದ ಮೇಲೆಯೇ ಸ್ವೀಕರಿಸುತ್ತದೆ. ಉಳಿದ ಹನ್ನೊಂದರಲ್ಲಿ ಪ್ರಾಣಿಯ ಬೆನ್ನು ಭಾಗ ಕಾಣುತ್ತಿಲ್ಲ. ಅದು ಕೊಳೆತಿದೆಯೋ ಗಟ್ಟಿಯಾಗಿದೆಯೋ ತಿಳಿಯದೆ ಒಪ್ಪಿಕೊಳ್ಳಲಾಗದು. ಹಿಂದಿನಿಂದಲೂ ಒಂದೊಂದು ಚಿತ್ರ ಕಳಿಸಿದರೆ ನೋಡಿ ನಿರ್ಧರಿಸುತ್ತೇವೆ.

ಜಾಡಿಯಮ್ಮ ಈ ಸಲ ಕೂತಳು. “ಗಾಡಿ ನಾಳೆ ಬರುತ್ತಲ್ಲ ಮೇಡಂ.”

“ಗಾಡಿಯವನಿಗೆ ಫೋನ್ ಮಾಡಿದೆ. ಈ ಉತ್ತರ ನೋಡಿದ ಮೇಲೆ ಪ್ರಾಂಶುಪಾಲರೂ ತಲೆಯಾಡಿಸಿದ್ರು. ಹತ್ತು ದಿನ ಮುಂದಕ್ಕೆ ಹಾಕಿದ್ದಾರೆ.” ಮುಖ್ಯಸ್ಥೆ ಆಕೆಯ ಮುಖ ನೋಡಿದರು. “ಹನ್ನೊಂದು. ಆಗುತ್ತಾ?”

“ಎರಡು ಬೆಳಿಗ್ಗೆ ಸಾಕು. ಬೆನ್ನು ಕಡೆಯಿಂದ ತೆಗಿಬೇಕಾದ್ರೆ ಲೇಬಲ್ ಓದ್ಬೇಕಾಗಿಲ್ಲ. ಪ್ರಾಣಿ ಒಂದೇ ಕಂಡ್ರೆ ಸಾಕು ಅಂದ್ರೆ ಅಪರ್ಚರ್ ಹನ್ನೊಂದರವರೆಗೂ ಹೋಗೋದು ಬೇಡ, ಎಂಟು ಸಾಕಾಗುತ್ತೆ.” ಆಕೆ ಬೆರಳಿನಲ್ಲಿ ಮೇಜಿನ ಮೇಲೆ ಲೆಕ್ಕ ಹಾಕಿದಳು. “ಎರಡು ಸೆಕೆಂಡಿನ ಜಾಗದಲ್ಲಿ ಒಂದು.”

“ಐಎಸ್‌ಒ ಏರಿಸಿದ್ರೆ ಇನ್ನೂ ಬೇಗ ಆಗಲ್ವಾ?” ಎಂದರು ಮುಖ್ಯಸ್ಥೆ. ಕೇಳಿದ್ದು ಗೊತ್ತಿಲ್ಲದೆ ಅಲ್ಲ ಎಂಬುದು ಅವರ ತುಟಿಯಂಚಿನಲ್ಲಿತ್ತು.

“ಅವಕ್ಕೇನು ಬಸ್ಸು ತಪ್ಪಿಹೋಗುತ್ತಾ ಮೇಡಂ?”

ಮರುದಿನ ಬೆಳಿಗ್ಗೆ ಹತ್ತಕ್ಕೆ ಆಕೆ ಬಾವಲಿಯ ಜಾಡಿಯನ್ನು ಎರಡೂ ಕೈಯಲ್ಲಿ ಹಿಡಿದು ಕಿಟಕಿಯ ಪಕ್ಕಕ್ಕೆ ತಂದಳು. ಲೇಬಲ್ಲಿನ ಮುಖವನ್ನು ಕಪ್ಪು ಬಟ್ಟೆಯ ಕಡೆಗೆ ತಿರುಗಿಸಿ ಇಟ್ಟಳು. ಒಳಗೆ ಚಾಚಿದ ರೆಕ್ಕೆಗಳು ಕಟ್ಟಿದ ಗಾಜಿನ ಪಟ್ಟಿಯ ಸಮೇತ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ವಾಲಿದವು. ಬೆನ್ನಿನ ತುಪ್ಪಳ ಗಟ್ಟಿಯಾಗಿಯೇ ಇತ್ತು, ಒಂದು ಕೂದಲೂ ಉದುರಿರಲಿಲ್ಲ. ಅದು ಆಕೆಗೆ ಮೊದಲಿನಿಂದಲೂ ಗೊತ್ತಿದ್ದ ವಿಷಯ. ಈಗ ಅವರಿಗೂ ಕಾಣಿಸಬೇಕು, ಅಷ್ಟೇ. ಟೈಮರ್ ಒತ್ತುವ ಮೊದಲು, ಬಾವಲಿ ನೆಲೆ ನಿಲ್ಲಲಿ ಎಂದು, ಆಕೆ ಕೈಕಟ್ಟಿ ಕಾದಳು.